ಕಣ್ಣಿಗೆ ಪಟ್ಟಿ, ಕೈಗೆ ಹಗ್ಗ

ಹೋಟೆಲಿನ ಸಿಬ್ಬಂದಿಯ ಊಟದ ಕೋಣೆಯಲ್ಲಿ ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ ಯಜಮಾನ, ಅಲ್ಲೇ ಕೆಲಸಕ್ಕಿದ್ದ ಅಣ್ಣನ ಎದುರೇ, ರೂಮು ಗುಡಿಸುವ ತಂಗಿಯ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ ಕೊಡವಿದ್ದ. ಬಾಚಣಿಗೆ ಬಿತ್ತು. ತಲೆನೋವಿನ ಮಾತ್ರೆ ಬಿತ್ತು. ಹೆಣ್ಣುಮಕ್ಕಳು ಒಡಹುಟ್ಟಿದವನ ಕಣ್ಣಿಗೂ ಬೀಳದಂತೆ ಸುತ್ತಿಟ್ಟುಕೊಳ್ಳುವ ಬಟ್ಟೆಯೂ ಬಿತ್ತು. ಕಳೆದುಹೋಗಿದ್ದ ಅತಿಥಿಯ ಕಿವಿಯೋಲೆ ಮಾತ್ರ ಬೀಳಲಿಲ್ಲ. ಅದು ಆಮೇಲೆ ಆ ಅತಿಥಿಯದೇ ಚಪ್ಪಲಿ ಚೀಲದೊಳಗೆ ಸಿಕ್ಕಿತು. ಅಷ್ಟರಲ್ಲಿ ತಂಗಿಯ ಕೆಲಸ ಹೋಗಿತ್ತು.

"ಸಿಕ್ತಲ್ಲ ಸಾರ್, ಇನ್ನಾದ್ರೂ ಅವಳನ್ನ..." ಎಂದು ಅಣ್ಣ ಕೈಕಟ್ಟಿ ನಿಂತಾಗ ಯಜಮಾನ ಫೋನಿನಿಂದ ಕಣ್ಣೆತ್ತಲಿಲ್ಲ.

"ಸಿಕ್ಕಿದ್ದು ಓಲೆ ಕಣಯ್ಯಾ. ಹೋದ ಹೆಸರು ಸಿಗುತ್ತಾ? ಅವಳು ಮತ್ತೆ ರೂಮು ಗುಡಿಸೋಕೆ ಬಂದ್ರೆ ಗೆಸ್ಟುಗಳು ಪರ್ಸನ್ನ ದಿಂಬಿನ ಕೆಳಗಿಟ್ಟುಕೊಂಡು ಮಲಗ್ತಾರೆ."

ಹೆಸರು ಕೆಡಿಸಿದವನೇ ಹೆಸರು ಹೋಯಿತೆಂದು ಬಾಗಿಲು ಹಾಕಿದ. ಊರಿನ ಬೇರೆ ಹೋಟೆಲುಗಳೂ ಹಾಕಿದವು. ಈಗ ತಂಗಿ ಅಂಗಡಿಗೆ ಹೋದರೆ ಎರಡು ಕೈಗಳನ್ನೂ ಗಲ್ಲಾದ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ನಿಲ್ಲುತ್ತಾಳೆ. ಯಾರೂ ಕೇಳಿರುವುದಿಲ್ಲ. ಕೇಳುವ ಮೊದಲೇ ತೋರಿಸಿಬಿಡುತ್ತಾಳೆ. ಆ ಕೈಗಳನ್ನು ಕಂಡ ದಿನ ಅಣ್ಣ ನಿರ್ಧರಿಸಿದ: ಕದಿಯದವಳು ಕಳ್ಳಿಯಾದಳಲ್ಲ, ಕದ್ದವನು ಸಾಚಾ ಆಗಿ ಹೊರಬರುವುದು ಹೇಗೆಂದು ನಾನು ತೋರಿಸುತ್ತೇನೆ.

ಹೋಟೆಲಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೈಕು ಎಂದು. ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುವ ಹೋಗುವ ಸುದ್ದಿ ಕೂಗುತ್ತಿದ್ದ. ತಪ್ಪಿಹೋದ ಬಸ್ಸೂ ಅವನ ಬಾಯಲ್ಲಿ ಸಮಾಧಾನದ ಮಾತಾಗುತ್ತಿತ್ತು. ಆ ಗಂಟಲನ್ನು ಮೆಚ್ಚಿಯೇ ಯಜಮಾನ ಅವನನ್ನು ಕರೆತಂದು ಅತಿಥಿಗಳನ್ನು ಆಡಿಸುವ ಕೆಲಸಕ್ಕೆ ಇಟ್ಟಿದ್ದ. ಯಜಮಾನನ ವೇದಾಂತ ಸರಳವಾಗಿತ್ತು. "ಗೆಸ್ಟು ರೂಮಲ್ಲಿ ಬಿದ್ದುಕೊಂಡ್ರೆ ಬರೀ ಬಾಡಿಗೆ. ಎಬ್ಬಿಸಿ ಓಡಾಡಿಸಿದ್ರೆ ಲಾಭ." ಓಡಾಡಿದವನಿಗೆ ಬಾಯಾರುತ್ತದೆ, ಜ್ಯೂಸು ಕುಡಿಯುತ್ತಾನೆ. ಮೈಕೈ ನೋಯುತ್ತದೆ, ಎಣ್ಣೆ ಹಚ್ಚಿಸಿಕೊಳ್ಳುತ್ತಾನೆ. ಮಡಕೆಗೆ ಬಣ್ಣ ಬಳಿದರೆ ಆ ಮಡಕೆಯನ್ನು ತಾನೇ ಕೊಳ್ಳುತ್ತಾನೆ. ಮೈಕು ಇಂಥ ಆಟಗಳನ್ನು ಒಂದಾದ ಮೇಲೊಂದು ಹುಟ್ಟಿಸಿದ. ಲಾಭ ಬಂತು. ವ್ಯಾಪಾರಿಗಳ ಸಂಘದಿಂದ ಶಾಲು ಹೊದೆಸಿಕೊಂಡದ್ದು ಮಾತ್ರ ಯಜಮಾನ.

ಕಣ್ಣುಪಟ್ಟಿಯ ನಡಿಗೆಯನ್ನು ಅವನು ಹುಟ್ಟಿಸಿದ್ದು ತಂಗಿಯ ಕೆಲಸ ಹೋದಮೇಲೆ. ಹಿಂದಿನ ತೋಟದ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿಸಿದ. ಅತಿಥಿಗಳು ಬರಿಗಾಲಲ್ಲಿ, ಕಣ್ಣಿಗೆ ಕಪ್ಪು ಪಟ್ಟಿ ಬಿಗಿದು, ಹಗ್ಗ ಹಿಡಿದು ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಎಲೆ ಮುಟ್ಟಬೇಕು, ಮಣ್ಣು ಮೂಸಬೇಕು. ಮಾತಾಡಬಾರದು. ದಾರಿ ತೋರಿಸುವುದಕ್ಕೆ ಮೈಕಿನ ದನಿಯೊಂದೇ. ಅದೂ ಅವನ ಕಾಲರಿನ ಮೈಕಿನಿಂದ ಹೊರಟು, ಪೊದೆಗಳೊಳಗೆ ಅಡಗಿಸಿಟ್ಟ ಸ್ಪೀಕರುಗಳಿಂದ ಬರುತ್ತಿತ್ತು. ಬರಿಗಾಲು, ಕತ್ತಲು, ಮುಂದೇನಿದೆಯೋ ತಿಳಿಯದ ದಾರಿ: ತಂಗಿಗೆ ಬಿಟ್ಟಿಯಾಗಿ ಸಿಕ್ಕಿದ್ದನ್ನು ಉಳ್ಳವರು ಸಾಲುಗಟ್ಟಿ ನಿಂತು ದುಡ್ಡು ಕೊಟ್ಟು ಕೊಂಡರು. ನಡಿಗೆ ಮುಗಿದಮೇಲೆ ಕಣ್ಣೊರೆಸಿಕೊಂಡು "ಬದುಕೇ ಬದಲಾಯ್ತು" ಎಂದು ಹೇಳಿ, ಜ್ಯೂಸು ತಣ್ಣಗಿಲ್ಲವೆಂದು ಮಾಣಿಯನ್ನು ಬೈಯುತ್ತಿದ್ದರು.

ಆದರೆ ಆ ಆಟದ ಜೀವ ಇದ್ದದ್ದು ತೋಟದ ಬಾಗಿಲಲ್ಲಿಟ್ಟ ಒಂದು ತಟ್ಟೆಯಲ್ಲಿ. "ಲೋಕದ ಭಾರವನ್ನೆಲ್ಲ ಇಲ್ಲೇ ಇಳಿಸಿ" ಎಂದು ಮೈಕು ಹೇಳುತ್ತಿದ್ದ. ಜನ ಫೋನು, ಗಡಿಯಾರ, ಕೀಲಿ ಎಲ್ಲವನ್ನೂ ಇಳಿಸಿ ಒಳಗೆ ಹೋಗುತ್ತಿದ್ದರು. ಯಜಮಾನನ ಸೊಂಟದ ಕೀಲಿಗೊಂಚಲು ಮಲಗಿದಾಗಲೂ ಸೊಂಟ ಬಿಡುತ್ತಿರಲಿಲ್ಲ. ಅದು ಬಿಡುವಂಥ ಒಂದೇ ಒಂದು ಜಾಗವನ್ನು ಮೈಕು ಕಟ್ಟಿದ್ದ.

ಕೀಲಿ ತೆರೆಯುವುದು ಯಜಮಾನನ ಕೋಣೆಯ ಕಬ್ಬಿಣದ ಬೀರುವನ್ನು. ಅದರೊಳಗೆ ಒಂದು ಬಟ್ಟೆಯ ಪೊಟ್ಟಣ, ಪೊಟ್ಟಣದೊಳಗೆ ಬಿಡಿ ವಜ್ರಗಳು. ಒಂದು ಪಾರ್ಟಿಯ ಸಂಜೆ ಕುಡಿದ ಹುರುಪಿನಲ್ಲಿ ಯಜಮಾನನೇ ಬಿಚ್ಚಿ ತೋರಿಸಿದ್ದ. "ಹೆಂಡ್ತಿಗೂ ಗೊತ್ತಿಲ್ಲ, ತಮ್ಮನಿಗೂ ಗೊತ್ತಿಲ್ಲ, ಸರ್ಕಾರಕ್ಕಂತೂ ಮೊದಲೇ ಗೊತ್ತಿಲ್ಲ. ನಿಂಗೆ ಹೇಳಿದ್ರೇನು ಬಿಡು. ನೀನು ಮೈಕು. ನಾನು ಆನ್ ಮಾಡಿದ್ರೆ ತಾನೇ ಮಾತಾಡೋದು?" ಎಂದು ಹೊಟ್ಟೆ ಹಿಡಿದು ನಕ್ಕಿದ್ದ. ಮೈಕೂ ನಕ್ಕಿದ್ದ. ಸಂಬಳದೊಳಗೆ ಆ ನಗುವೂ ಸೇರಿತ್ತು.

ಕಳ್ಳತನ ಮಾಡಿ ಸಿಕ್ಕಿಬೀಳುವವರು ದಡ್ಡರು ಎಂದು ಮೈಕು ಲೆಕ್ಕ ಹಾಕಿದ. ಅವರು ಮಾಲನ್ನು ಮಾತ್ರ ನೋಡುತ್ತಾರೆ, ಗುರುತನ್ನು ನೋಡುವುದಿಲ್ಲ. ಅವನು ತೋಟದ ಜಲ್ಲಿಯಿಂದ ಹರಳಿನಂಥ ಕಲ್ಲುಗಳನ್ನು ಆರಿಸಿ ಇಟ್ಟುಕೊಂಡ; ಪೊಟ್ಟಣ ಇದ್ದಲ್ಲೇ ಇರುತ್ತದೆ, ಒಳಗಿನದು ಬದಲಾಗಿರುತ್ತದೆ. ಅಡುಗೆಮನೆಯ ತೆಳು ಗ್ಲೌಸು ತಂದಿಟ್ಟುಕೊಂಡ. ಕ್ಯಾಮೆರಾಗಳ ಚಿಂತೆ ಇರಲಿಲ್ಲ. ಅವು ಕೆಲಸದವರ ಬೆನ್ನಿಗೆ ಮಾತ್ರ ಇದ್ದವು. ತನ್ನ ಕೋಣೆಗೆ ಯಾರು ಬಂದು ಹೋಗುತ್ತಾರೆಂಬುದಕ್ಕೆ ಯಜಮಾನನಿಗೇ ಸಾಕ್ಷಿ ಬೇಕಿರಲಿಲ್ಲ. ತೋಟದಲ್ಲಿ ಕ್ಯಾಮೆರಾ ಅತಿಥಿಗಳಿಗೆ ಬೇಕಿರಲಿಲ್ಲ. ಅಷ್ಟಾಗಿಯೂ ಎಂದಾದರೊಮ್ಮೆ ಕಳವು ತಿಳಿದರೆ? ಆಗ ಒಬ್ಬರಲ್ಲ ಇಬ್ಬರಲ್ಲ, ಒಂದು ಸಾಲು ಮರ್ಯಾದಸ್ಥರು ದೇವರ ಮೇಲೆ ಆಣೆಯಿಟ್ಟು ಹೇಳುತ್ತಾರೆ: ಯಜಮಾನರ ಕೀಲಿ ಸೊಂಟ ಬಿಟ್ಟಷ್ಟು ಹೊತ್ತೂ ಮೈಕು ನಮ್ಮ ಜೊತೆಗೇ ಇದ್ದ.

ಅದಕ್ಕಾಗಿ ಅವನು ತಂಗಿ ಹೊರಗೆ ಹೋದ ಮಧ್ಯಾಹ್ನಗಳಲ್ಲಿ ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ ತನ್ನ ದನಿಯನ್ನು ಫೋನಿನಲ್ಲಿ ತುಂಬಿಕೊಂಡ. ಬಸ್‌ಸ್ಟ್ಯಾಂಡಿನ ಅಭ್ಯಾಸ ಕೈ ಬಿಡಲಿಲ್ಲ. ಓದಿದಂತೆ ಇರಬಾರದು; ಕೆಮ್ಮಿರಬೇಕು, ತಡವರಿಸಿರಬೇಕು, ನಗಬೇಕು. ಎಲ್ಲಿ ಯಾರು ಎಡವುತ್ತಾರೆ, ಎಲ್ಲಿ ಕಿಸಕ್ಕೆನ್ನುತ್ತಾರೆ, ಎಲ್ಲಿ ಹೆದರಿ ನಿಲ್ಲುತ್ತಾರೆ ಎಂಬುದು ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ. ಅಲ್ಲಲ್ಲಿಗೆ ತಕ್ಕ ಮಾತು ಕೂರಿಸಿದ. ನಂಬಿಗಸ್ತ ದನಿ. ಕೇಳಿದರೆ ಅವನಿಗೇ ಅವನ ಮೇಲೆ ಭರವಸೆ ಹುಟ್ಟುವಂಥ ದನಿ.

ಪ್ರವಾಸ ಕಂಪನಿಯವರ ಒಂದು ಗುಂಪಿಗೆ ಹೋಟೆಲು ತೋರಿಸಬೇಕಾಗಿ ಬಂದಾಗ ಯಜಮಾನ ತಾನೇ ಬಲೆಗೆ ನಡೆದು ಬಂದ.

"ನಾನೂ ನಡೀತೀನಿ ಕಣೋ ಮೈಕು. ಓನರ್ರೇ ಬರಿಗಾಲಲ್ಲಿ ನಡೆದ್ರೆ ಅವರಿಗೊಂದು ಇಂಪ್ರೆಶನ್ನು."

"ಮಾತಾಡೋ ಹಾಗಿಲ್ಲ ಸಾರ್."

"ಅಯ್ಯೋ, ಮನೇಲಿ ಅದೇ ಪ್ರಾಕ್ಟೀಸು ತಾನೇ!"

ಎಲ್ಲರೂ ನಕ್ಕರು. ಸಾಲಿನ ತುದಿಯಲ್ಲಿ ಯಜಮಾನ, ಅವನ ಮುಂದೆ ಹೋಟೆಲಿನಲ್ಲಿ ತಂಗಿದ್ದ ಬಾಯಿತುಂಬ ಮಾತಿನ ಒಬ್ಬ ನಿವೃತ್ತ ಟೀಚರಮ್ಮ, ಅವರ ಮುಂದೆ ಇನ್ನೊಬ್ಬ ಅತಿಥಿ ಡಾಕ್ಟರು, ಮತ್ತೆ ಪ್ರವಾಸ ಕಂಪನಿಯವರು. ಮೈಕು ಒಬ್ಬೊಬ್ಬರಿಗೂ ಪಟ್ಟಿ ಬಿಗಿದ. ಯಜಮಾನನಿಗೆ ಕಟ್ಟುವಾಗ ಅವನ ಕತ್ತು ಬೆವರಿ ತಣ್ಣಗಿದ್ದುದು ಬೆರಳಿಗೆ ತಗುಲಿತು. ಬಿಸಿಲಿರಬೇಕು ಎಂದುಕೊಂಡ. ಅವನ ಗಮನ ಆಗಲೇ ತಟ್ಟೆಗೆ ಬಿದ್ದಿದ್ದ ಯಜಮಾನನ ಕೀಲಿಗೊಂಚಲಿನ ಮೇಲಿತ್ತು. ತೋಟದ ಬಾಗಿಲು ಎಳೆದುಕೊಂಡು, ಮೊದಲ ಮಾತುಗಳನ್ನು ಬಾಯಿಂದಲೇ ಆಡಿ, ಕಾಲರಿನ ಮೈಕು ಆರಿಸಿ, ಫೋನನ್ನು ಬಾಗಿಲ ಬಳಿಯ ಸ್ಪೀಕರು ಪೆಟ್ಟಿಗೆಗೆ ಸಿಕ್ಕಿಸಿ ಅದರೊಳಗಿನ ದನಿಯನ್ನು ಬಿಟ್ಟ. ದನಿ ಎಲ್ಲೂ ಮುಗ್ಗರಿಸದೆ ಮುಂದುವರಿಯಿತು. ತಟ್ಟೆಯಿಂದ ಕೀಲಿಗೊಂಚಲು ಎತ್ತಿಕೊಂಡ.

ಆಮೇಲಿನದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಹಿಂದಿನ ಮೆಟ್ಟಿಲು, ಖಾಲಿ ಓಣಿ, ಗ್ಲೌಸು, ಬೀರು. ವಜ್ರಗಳು ಜೇಬಿನಲ್ಲಿದ್ದ ಬಿಡಿ ಬ್ಯಾಟರಿಗಳ ಡಬ್ಬಿಯೊಳಗೆ ಇಳಿದವು, ಜಲ್ಲಿಕಲ್ಲು ಪೊಟ್ಟಣದೊಳಗೆ. ಗಂಟನ್ನು ಮೊದಲಿದ್ದಂತೆಯೇ ಹಾಕಿದ. ನೆಲದ ಮೇಲಿನ ಹೆಜ್ಜೆಯನ್ನೂ ಕರವಸ್ತ್ರದಿಂದ ಒರೆಸಿದ. ಬಾಗಿಲೆಳೆಯುವಾಗ ಕೋಣೆಯನ್ನೊಮ್ಮೆ ನೋಡಿದ. ಅಲ್ಲಿಗೆ ಅವನು ಬಂದೇ ಇರಲಿಲ್ಲ. ನಾಳೆ ಹೊರಟು, ಯಾರ ಪರಿಚಯವೂ ಇಲ್ಲದ ಊರಿನಲ್ಲಿ ತಂಗಿ ಅಂಗಡಿಗೆ ಹೋಗಿ ಕೈಗಳನ್ನು ತನ್ನ ಪಾಡಿಗೆ ಇಳಿಬಿಟ್ಟು ನಿಲ್ಲುವುದನ್ನು ಅವನು ಮೆಟ್ಟಿಲಿಳಿಯುತ್ತಲೇ ಕಂಡ.

ಗ್ಲೌಸನ್ನು ಹಿತ್ತಿಲ ಬಿಸಿನೀರಿನ ಒಲೆ ನುಂಗಿತು. ತೋಟದ ಬಾಗಿಲಿಗೆ ಬರುವಾಗ ಸ್ಪೀಕರುಗಳಲ್ಲಿ ಅವನ ದನಿ ಕೊನೆಯ ಮಾತುಗಳಲ್ಲಿತ್ತು. ಕೀಲಿ ತಟ್ಟೆಗೆ ಹೋಯಿತು. ದನಿ ನಿಂತ ಕೂಡಲೇ ಫೋನಿನಿಂದ ಅದನ್ನು ಅಳಿಸಿದ. ಅಳಿಸಿದವು ಬೀಳುವ ಬುಟ್ಟಿಯಿಂದಲೂ ಅಳಿಸಿದ. ಕಾಲರಿನ ಮೈಕು ಒತ್ತಿ, ಉಸಿರು ಸರಿಮಾಡಿಕೊಂಡು, ಪ್ರೀತಿಯಿಂದ ಹೇಳಿದ: "ಈಗ ಪಟ್ಟಿ ಬಿಚ್ಚಿ. ಬೆಳಕಿಗೆ ಬನ್ನಿ."

ಕಿರುಚಿದ್ದು ಟೀಚರಮ್ಮ. ಯಜಮಾನ ಹಗ್ಗದ ಕೆಳಗೆ ಮಗ್ಗುಲಾಗಿ ಬಿದ್ದಿದ್ದ; ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈಯಲ್ಲಿ ಕಿತ್ತ ಹುಲ್ಲು. ಗುಂಪಿನಲ್ಲಿದ್ದ ಡಾಕ್ಟರು ಎದೆ ಒತ್ತಿ ಒತ್ತಿ ಕೊನೆಗೆ ಕೈ ಬಿಟ್ಟರು. "ಆಗಲೇ ನೋಡಿದ್ದಿದ್ರೆ ಉಳೀತಿದ್ರು," ಎಂದರು, ಯಾರನ್ನೂ ನೋಡದೆ.

ಮೈಕು ಬಯಸಿದ್ದು ಇದನ್ನಲ್ಲ. ಯಜಮಾನ ಬದುಕಿದ್ದು ಕಳೆದುಕೊಳ್ಳಬೇಕಿತ್ತು. ಆದರೂ ಮನಸ್ಸಿನ ತಳದಲ್ಲಿ ಒಂದು ನಾಚಿಕೆಗೆಟ್ಟ ನೆಮ್ಮದಿ: ಪೊಟ್ಟಣದ ಸಂಗತಿ ಬಲ್ಲವನು ಈಗ ಲೋಕದಲ್ಲಿ ತಾನೊಬ್ಬನೇ.

ಇನ್ಸ್‌ಪೆಕ್ಟರು ಬಂದರು. ಯಜಮಾನನ ತಮ್ಮ ಮೈಕಿನ ಅಂಗಿ ಹಿಡಿದು ಎಳೆದಾಡಿದ. "ಇವನಿಗೂ ಅಣ್ಣನಿಗೂ ಆಗ್ತಿರಲಿಲ್ಲ ಸಾರ್! ಇವನ ತಂಗಿಯನ್ನ ಕೆಲಸದಿಂದ ತೆಗೆದಾಗಿನಿಂದ ಹಲ್ಲು ಕಡೀತಿದ್ದ!"

"ಬಿಡ್ರೀ ಅವನನ್ನ," ಎಂದರು ಇನ್ಸ್‌ಪೆಕ್ಟರು. ಮೈಕಿನ ಕಡೆ ತಿರುಗಿ, "ನಡಿಗೆ ನಡೀವಾಗ ನೀನು ಎಲ್ಲಿದ್ದೆಯಪ್ಪಾ?" ಎಂದರು.

ಈ ಪ್ರಶ್ನೆಗಾಗಿ ಅವನು ಎಷ್ಟು ಮಧ್ಯಾಹ್ನಗಳನ್ನು ಸವೆಸಿದ್ದ! "ಇವರ ಜೊತೆಗೇ ಇದ್ದೆ ಸಾರ್. ಮೊದಲಿಂದ ಕೊನೇವರೆಗೂ. ಒಂದು ಹೆಜ್ಜೆ ಆಚೆ ಕದಲಲಿಲ್ಲ. ಬೇಕಾದ್ರೆ ಕೇಳಿ."

ಇನ್ಸ್‌ಪೆಕ್ಟರು ಕೇಳಿದರು. ಡಾಕ್ಟರು ಹೌದೆಂದರು. ಪ್ರವಾಸ ಕಂಪನಿಯವರು ಹೌದೆಂದರು. ಇವರ ದನಿ ಒಂದು ಗಳಿಗೆಯೂ ನಿಲ್ಲಲಿಲ್ಲ, ಕೆಮ್ಮಿದ್ದೂ ಕೇಳಿಸಿತು, ಆಣೆ ಮಾಡಿ ಹೇಳುತ್ತೇವೆ ಎಂದರು. ತಂಗಿಯ ಪರವಾಗಿ ಒಬ್ಬರೂ ಆಡದಿದ್ದ ಮಾತನ್ನು ತನ್ನ ಪರವಾಗಿ ಇಷ್ಟು ಜನ ಆಡುವುದನ್ನು ಮೈಕು ತಲೆತಗ್ಗಿಸಿ ಕೇಳಿಸಿಕೊಂಡ. ಆದರೆ ಹೌದೆಂದ ಪ್ರತಿಯೊಬ್ಬರೂ ಅವನಿಂದ ಒಂದಿಷ್ಟು ದೂರ ಸರಿದು ನಿಲ್ಲುತ್ತಿದ್ದುದು ಯಾಕೆಂದು ಅವನಿಗೆ ಹೊಳೆಯಲಿಲ್ಲ.

ಕೊನೆಗೆ ಉಳಿದವರು ಟೀಚರಮ್ಮ. ಅವರ ಕೈಯಲ್ಲಿ ಕಪ್ಪು ಪಟ್ಟಿ ಇನ್ನೂ ಮುದುಡಿಕೊಂಡಿತ್ತು. "ಇದ್ರು ಸಾರ್, ಇಲ್ಲೇ ಇದ್ರು. ಯಜಮಾನ್ರು ನನ್ನ ಬೆನ್ನ ಹಿಂದೇನೇ ಕೂಗಿದ್ರು, 'ಮೈಕೂ, ಎದೆ ಹಿಡ್ಕೊಂಡಿದೆ ಕಣೋ, ಬಾರೋ' ಅಂತ. ನಾನು ಪಟ್ಟಿಗೆ ಕೈ ಹಾಕಿದ್ದೆ, ಬಿಚ್ಚೇಬಿಡ್ತಿದ್ದೆ. ಅಷ್ಟರಲ್ಲಿ ಇವರು ಹೇಳಿದ್ರು, 'ಯಾರೂ ಪಟ್ಟಿ ಬಿಚ್ಚಬೇಡಿ. ಹೆದರಬೇಡಿ, ನಾನು ಪಕ್ಕದಲ್ಲೇ ಇದ್ದೀನಿ, ಎಲ್ಲಾ ನೋಡ್ತಾ ಇದ್ದೀನಿ' ಅಂತ. ಸರಿ, ನೋಡ್ಕೊಳ್ತಾರೆ ಅಂದ್ಕೊಂಡು ಸುಮ್ಮನಾದೆ. ಅವರು ಮತ್ತೆ ಕೂಗಿದ್ರು, ನೆಲದಿಂದ. ಇವರು ನಕ್ಕರು ಸಾರ್. ನಕ್ಕು, 'ಎಷ್ಟು ಚೆನ್ನಾಗಿದೆ ಅಲ್ವಾ ಈ ಕತ್ತಲು' ಅಂದ್ರು." ನಗೆಗೆ, ಎಡವುವುದಕ್ಕೆ, ಹೆದರಿಕೆಗೆ, ಎಲ್ಲಕ್ಕೂ ಮಾತು ಕೂರಿಸಿದ್ದ ಮೈಕು, ಯಾರಾದರೂ ಕರೆದರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾನು ಅಲ್ಲಿರಲಿಲ್ಲ ಎಂಬ ಮಾತು ಅವನ ಗಂಟಲವರೆಗೆ ಬಂತು. ಎಲ್ಲಿದ್ದೆ ಎಂದು ತೋರಿಸುವುದಕ್ಕೆ ಒಂದು ಹೆಜ್ಜೆ ಗುರುತು, ಒಂದು ಬೆರಳಚ್ಚು, ಅಳಿಸದ ಒಂದು ಪದವಾದರೂ ಉಳಿದಿದೆಯೇ ಎಂದು ಅವನು ಹುಚ್ಚನಂತೆ ನೆನಪು ಕೆದಕಿದ. ಉಳಿದದ್ದು ಜೇಬಿನ ಡಬ್ಬಿಯಲ್ಲಿದ್ದ ವಜ್ರಗಳು ಮಾತ್ರ; ಹೆಣದ ಪಕ್ಕದಲ್ಲಿ ಅವು ಬೇರೆಯೇ ಮಾತಾಡುತ್ತಿದ್ದವು, ಕದಿಯಲೆಂದೇ ಸಾಯಲು ಬಿಟ್ಟನೆಂದು. ಇನ್ಸ್‌ಪೆಕ್ಟರು ಅವನ ಕಾಲರಿನಿಂದ ಮೈಕನ್ನು ಮೆಲ್ಲಗೆ ಬಿಚ್ಚಿಕೊಂಡು, "ಹೇಳಪ್ಪಾ," ಎಂದರು, "ಅವರು ಕೂಗಿದಾಗ ಪಕ್ಕದಲ್ಲಿದ್ದವನು ನೀನೊಬ್ಬನೇ ತಾನೇ?"