ಆರು ಬೆರಳಿನ ಕೈಗವಸು

ದೆವ್ವ ಗಿವ್ವ ನಾನು ನಂಬುವವನಲ್ಲ. ನಂಬಿದ್ದು ಅಳತೆಯನ್ನು ಮಾತ್ರ. ಹುಟ್ಟಿನಿಂದಲೇ ಆರು ಬೆರಳಿರುವ ಮಕ್ಕಳ ಬಗ್ಗೆ ನಮ್ಮ ಆಸ್ಪತ್ರೆಯಲ್ಲಿ ಅಧ್ಯಯನ ನಡೆಯುತ್ತದೆ. ಅವರ ಕೈಯ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ಅಂಥದ್ದೇ ಕೈ ಮಾಡಿ ಅಳೆಯುವುದು ನನ್ನ ಕೆಲಸ. ಪ್ಲಾಸ್ಟರ್ ಗಟ್ಟಿಯಾಗುವಾಗ ಅರ್ಧ ಗಂಟೆ ಬೆಚ್ಚಗಿರುತ್ತದೆ. ಆಮೇಲೆ ಕಲ್ಲಿನಂತೆ ತಣ್ಣಗೆ.

ಪ್ರತಿ ವರ್ಷ ಹೊಸ ಮಕ್ಕಳನ್ನು ಅಳೆಯುವ ಮುಂಚೆ ಹಳೆಯದೊಂದು ಪ್ಲಾಸ್ಟರ್ ಕೈಯನ್ನು ಅಳೆದು, ಮಾಪಕ ಸರಿಯಿದೆಯೇ ಎಂದು ನೋಡುತ್ತೇವೆ. ಅದಕ್ಕೆ ನಾನು ಇಟ್ಟುಕೊಂಡಿದ್ದು ಆರು ವರ್ಷದ ಒಬ್ಬ ಹುಡುಗಿಯ ಎಡಗೈ. ಅಚ್ಚು ತೆಗೆದ ತಿಂಗಳಲ್ಲೇ ಜ್ವರ ಬಂದು ಆ ಮಗು ತೀರಿಕೊಂಡಿತ್ತು.

ಮರುವರ್ಷ ಆ ಕೈ ಐದು ಮಿಲಿಮೀಟರ್ ಹೆಚ್ಚು ಬಂತು. ಮಾಪಕಕ್ಕೆ ಬೈದು ಹೊಸದು ತರಿಸಿದೆ. ಬೇರೆ ಕೈಗಳು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅದರ ಮರುವರ್ಷ ಇನ್ನೂ ಐದು, ಮುಟ್ಟಿದರೆ ಬೆಚ್ಚಗೆ. ಕೆಲಸಕ್ಕೆ ಕುತ್ತು ಬಂದೀತೆಂದು ಎರಡೂ ಸಲ ಪುಸ್ತಕದಲ್ಲಿ ಹಳೇ ಅಂಕಿಯನ್ನೇ ಬರೆದೆ.

ಹುಡುಗಿಯ ತಾಯಿ ವರ್ಷಕ್ಕೊಮ್ಮೆ ಬಂದು, ತಾವೇ ಹೆಣೆದ ಆರು ಬೆರಳಿನ ಉಣ್ಣೆ ಗವಸನ್ನು ಆ ಕೈಗೆ ತೊಡಿಸಿ ಹೋಗುತ್ತಾರೆ. ಹೋದ ವಾರ ಮಧ್ಯಾಹ್ನ ಬಂದವರು ಕೇಳಿದರು, “ಈಗ ಅಳತೆ ಎಷ್ಟಪ್ಪಾ?”

“ಹಳೇದೇ ಅಮ್ಮ. ಪ್ಲಾಸ್ಟರ್ ಎಲ್ಲಾದರೂ ಬೆಳೆಯುತ್ತಾ?” ಎಂದು ನಗಲು ನೋಡಿದೆ.

“ನನ್ನ ಹತ್ರ ಯಾಕೆ ಸುಳ್ಳು ಹೇಳ್ತೀಯ? ಹೋದ ವರ್ಷದ್ದು ಬಿಗಿಯಾಗಿದೆ, ನೋಡು.”

ಗವಸನ್ನು ಕಷ್ಟಪಟ್ಟು ಎಳೆದು ತೆಗೆದು ನನ್ನ ಕೈಗಿಟ್ಟರು. ಆಗತಾನೇ ಆಡಿ ಬಂದ ಮಗುವಿನ ಕೈಯಿಂದ ಬಿಚ್ಚಿದ ಹಾಗೆ, ಅದರ ಒಳಗೆಲ್ಲ ಬೆವರು.