ಒಲೆಯ ಮೇಲೆ ಬಿಟ್ಟುಹೋದ ಗಡಿಗೆ

ಅವಳ ಮಾತು ಇನ್ನೂ ಅರ್ಧದಲ್ಲಿತ್ತು. ಅವನು ಬೆನ್ನು ತಿರುಗಿಸಿ ಹೊರಟೇಬಿಟ್ಟ!

ಅವಳು ಅಗೆದ ಗುಂಡಿಯ ಅಂಚಿನಲ್ಲಿ ನಿಂತೇ ಇದ್ದಳು. ನೆಲ ಅಗೆದು ಹಳೆಯ ಊರುಗಳನ್ನು ಹುಡುಕುವುದು ಅವಳ ಕೆಲಸ. ಸಿಕ್ಕಿದ್ದನ್ನು ನೋಡಲು ಬರುವ ಜನಕ್ಕೆ ಅರ್ಥವಾಗುವಂತೆ ಹೇಳುವುದು ಹೇಗೆಂದು ಅವಳಂಥವರಿಗೆ ಕಲಿಸಲು ಬಂದವನು ಅವನು. ಕಡ್ಡಿ ಮುರಿದಂತೆ ಮಾತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ 'ಕಡ್ಡಿ ಮೇಷ್ಟ್ರು'. ಅವನ ತರಬೇತಿಗೆ ಒಂದು ನಿಯಮವಿತ್ತು: ಕೇಳುವವರಿಗೆ ಬೇಸರವಾದರೆ ಮುಲಾಜಿಲ್ಲದೆ ನಡೆದುಬಿಡಬೇಕು.

ಮೇಷ್ಟ್ರೇ ಹೋದ ಮೇಲೆ ಕೇಳಬೇಕೆ? ಜೊತೆಗಾರರೂ ಕುರಿಮಂದೆಯಂತೆ ಹಿಂದೆಯೇ ಹೋದರು. ಉಳಿದದ್ದು ಒಂದು ನಾಯಿ. ಅದೂ ಅವಳ ನೆರಳಿಗೆ ಬಂದು ಮಲಗಿತ್ತು.

ವಾರದ ಕೊನೆಗೆ ಗುಂಡಿ ನೋಡಲು ನಿಜವಾದ ಜನವೇ ಬರುವವರಿದ್ದರು. ಅವತ್ತು ಜನರ ಮುಂದೆ ಸರಿಯಾಗಿ ಮಾತಾಡಲಾಗದವರನ್ನು ಪೇಟೆಯ ಉಗ್ರಾಣಕ್ಕೆ, ಮಡಕೆ ಚೂರು ಅಂಟಿಸಲು ಕಳಿಸುವುದಾಗಿ ಮೇಲಧಿಕಾರಿ ಹೇಳಿಯಾಗಿತ್ತು. ಗುಂಡಿಯಲ್ಲಿ ಸಿಕ್ಕ, ತಾನೇ ಕುಂಚ ಹಿಡಿದು ಮಣ್ಣು ಬಿಡಿಸಿದ ಈ ಹಳೆಯ ಒಲೆಯನ್ನು ಬಿಟ್ಟು ಹೋಗಬೇಕೇ? ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಫೋನಿನಲ್ಲಿ ಅಕ್ಕನ ಮುಂದೆ ಅವನನ್ನು ಬೈದದ್ದೇ ಬೈದದ್ದು.

"ಬೈಯೋ ನೆಪದಲ್ಲಿ ದಿನಾ ಅವನ ಸುದ್ದೀನೇ ಎತ್ತುತ್ತೀಯಲ್ಲೇ," ಎಂದು ಅಕ್ಕ ನಕ್ಕಳು.

ಅವಳು ಫೋನ್ ಇಟ್ಟುಬಿಟ್ಟಳು. ಕೆನ್ನೆ ಬಿಸಿಯಾಗಿತ್ತು.

ಆ ದಿನ ಬಂದೇ ಬಂತು. ಗುಂಡಿಯ ಸುತ್ತ ಜನ. ಹಿಂದಿನ ಸಾಲಿನಲ್ಲಿ ಅವನ ಮುಖ ಕಂಡಿತು. ಮಣ್ಣಿನ ಪದರಗಳ ಅಳತೆಯಿಂದ ಶುರುಮಾಡಿದಳು.

ಅವನು ಮತ್ತೆ ಹೊರಟುಹೋದ!

'ಓಡಿಹೋಗಲೇ?' ಎಂದುಕೊಂಡಳು. ತಲೆ ತಗ್ಗಿಸಿದಾಗ ಒಲೆಯ ಮೇಲಿನ ಗಡಿಗೆ ಕಂಡಿತು. ತಳದಲ್ಲಿ ಸೀದು ಕರಕಲಾದ ಕಾಳು...

"ಈ ಗಡಿಗೇನ ಯಾರೂ ಕೆಳಗಿಳಿಸಲಿಲ್ಲ," ಎಂದಳು ಮೆಲ್ಲಗೆ. "ಯಾಕೆ ಅಂತ ನಮಗೆ ಗೊತ್ತಿಲ್ಲ. ಮನೆ ಸುಟ್ಟಿದೆ. ಅಡುಗೆ ಮಾಡ್ತಿದ್ದೋರು ಹೆದರಿ ಓಡಿರಬಹುದು. ನಂಗೂ ಈಗ ಓಡಬೇಕು ಅನ್ಸ್ತಿದೆ. ಅದಕ್ಕೇ ಅವರ ಭಯ ಅರ್ಥವಾಗ್ತಿದೆ."

ಜನ ಹತ್ತಿರ ಸರಿದರು. ಮುಂದಿದ್ದ ಒಬ್ಬ ಅಜ್ಜಿ ಕೇಳಿದಳು: "ಮಕ್ಕಳನ್ನ ಎತ್ಕೊಂಡು ಹೋದರೇನಮ್ಮಾ?"

"ಗೊತ್ತಿಲ್ಲ ಅಜ್ಜಿ. ಇಲ್ಲಿ ಒಂದು ಮೂಳೇನೂ ಸಿಕ್ಕಿಲ್ಲ. ಅದೊಂದೇ ಸಮಾಧಾನ."

ಅಜ್ಜಿ ಕಣ್ಣೊರೆಸಿಕೊಂಡಳು. ಕೊನೆಯವರೆಗೂ ಒಬ್ಬರೂ ಕದಲಲಿಲ್ಲ. ಇನ್ನು ಇಲ್ಲೇ ಇರು ಎಂದು ಮೇಲಧಿಕಾರಿ ಅಲ್ಲೇ ಹೇಳಿಹೋದರು.

ಸಲಿಕೆ ಗುದ್ದಲಿ ಇಡುವ ಷೆಡ್ಡಿನ ಹಿಂದೆ, ಮರದ ಬೆಂಚಿನ ಮೇಲೆ ಅವನು ಕೂತಿದ್ದ. ಅವಳು ಸಿಟ್ಟಿನಿಂದಲೇ ಹೋಗಿ ನಿಂತಳು.

"ಅಷ್ಟು ಬೇಜಾರಾಯ್ತಾ?"

"ಬೇಜಾರಲ್ಲ. ಮೊದಲ ದಿನಾನೂ ಅಷ್ಟೇ, ನೀವು ನನ್ನೊಬ್ಬನ ಮುಖಾನೇ ನೋಡ್ಕೊಂಡು ಮಾತಾಡ್ತಿದ್ರಿ. ನಾನಿದ್ರೆ ಬೇರೆ ಯಾರೂ ನಿಮ್ಮ ಕಣ್ಣಿಗೆ ಬೀಳ್ತಿರಲಿಲ್ಲ."

ಅವಳಿಗೆ ನಾಚಿಕೆಯೂ ಕೋಪವೂ ಒಟ್ಟಿಗೇ ಬಂದವು. "ಎಲ್ಲಾನೂ ಮುಖಕ್ಕೆ ಹೊಡೆದ ಹಾಗೆ ಹೇಳೋರು, ಇದನ್ನ ಹೇಳೋಕೇನಾಗಿತ್ತು?"

ಅವನು ಬೆಂಚಿಗೆ ಅಂಟಿದ್ದ ಒಣಮಣ್ಣನ್ನು ಉಗುರಿನಿಂದ ಕೆರೆದ.

"ಹೇಳಿದ್ರೆ ನೋಡೋದನ್ನೇ ನಿಲ್ಲಿಸಿಬಿಡ್ತೀರೇನೋ ಅಂತ... ಭಯ ಆಯ್ತು."

ಅವಳ ಎದೆ ಢವಢವ ಹೊಡೆದುಕೊಂಡಿತು. ಜನರ ಮುಂದೆ ನಿಂತಾಗಲೂ ಇಷ್ಟು ಹೊಡೆದುಕೊಂಡಿರಲಿಲ್ಲ.

"ಈಗ?"

"ಈಗಲೂ ಭಯಾನೇ."

"ನಂಗೂ," ಎಂದಳು. "ಸ್ವಲ್ಪ ಸರೀರಿ, ಕೂತ್ಕೋತೀನಿ."

ಅವನು ಸರಿದು ಜಾಗ ಮಾಡಿಕೊಟ್ಟ.