ಪಿಸ್ತಾ ಬಣ್ಣದ ಗೋಡೆ

ಬಾಗಿಲು ತೆರೆದ ನಶ್ವಾ ಅಲ್ಲೇ ನಿಂತುಬಿಟ್ಟಳು. ಹಾಲ್‌ನ ಗೋಡೆಗೆಲ್ಲ ಪಿಸ್ತಾ ಬಣ್ಣ! ನಿಶ್ಚಿತಾರ್ಥವಾದಾಗಿನಿಂದ ಅವಳು ಕೇಳುತ್ತಲೇ ಇದ್ದ ಬಣ್ಣ. ಕಂಕುಳಲ್ಲಿದ್ದ ಪರದೆ ಬಟ್ಟೆಯ ಗಂಟು ಜಾರಿ ಬಿದ್ದದ್ದೂ ಗೊತ್ತಾಗಲಿಲ್ಲ.

"ಬಾಯಿ ಮುಚ್ಚೇ, ನೊಣ ಹೋಗುತ್ತೆ," ಎಂದ ಬಾಸಿಮ್, ಒಂದು ಹುಬ್ಬು ಏರಿಸಿ. ಆ ಹುಬ್ಬಿಗೇ ಅವಳು ಸೋತಿದ್ದು.

"ನೆನಪಿಟ್ಕೊಂಡಿದ್ದೀಯಲ್ಲ, ಮಹಾರಾಯ!"

"ನಿನ್ನ ಬಾಯಿಗೆ ಹೆದರಿ."

ಅಲೆಕ್ಸಾಂಡ್ರಿಯಾದಲ್ಲಿ ಗಂಡು ಮನೆ ಮಾಡುವವರೆಗೆ ಮದುವೆಯಿಲ್ಲ, ಹುಡುಗಿಯ ಬಲಗೈಯ ನಿಶ್ಚಿತಾರ್ಥದ ಉಂಗುರ ಎಡಗೈಗೆ ಬರುವುದಿಲ್ಲ. ಬಾಸಿಮ್ ಹೊಟ್ಟೆಬಟ್ಟೆ ಕಟ್ಟಿ ಕಡಲ ರಸ್ತೆಯಲ್ಲಿ ಈ ಫ್ಲಾಟ್ ಕೊಂಡಿದ್ದ. ಏರುತ್ತಿರುವ ಕಡಲಿನ ಉಪ್ಪುನೀರು ಅಡಿಪಾಯಕ್ಕೆ ಇಳಿದು, ಕಳೆದ ಚಳಿಗಾಲದಲ್ಲಿ ಮೂಲೆಯ ಗೋಡೆ ಬಿರುಕು ಬಿಟ್ಟಿತು. ಎಂಜಿನಿಯರ್ ಬಂದು ಬಿರುಕಿನ ಮೇಲೆ ಜಿಪ್ಸಮ್ ಪಟ್ಟಿ ಮೆತ್ತಿ, ಇದು ಒಡೆದರೆ ಕಟ್ಟಡ ಇನ್ನೂ ಕದಲುತ್ತಿದೆ ಎಂದರ್ಥ, ಒಡೆಯದಿದ್ದರೆ ಧೈರ್ಯವಾಗಿ ಸಂಸಾರ ಮಾಡಿ ಎಂದಿದ್ದ. ಅವನು ಬೆನ್ನು ತಿರುಗಿಸಿದ್ದೇ ತಡ, ಬಾಸಿಮ್ ನಶ್ವಾಳ ಹೇರ್‌ಪಿನ್ ಕಿತ್ತುಕೊಂಡು ಹಸಿ ಜಿಪ್ಸಮ್ಮಿನಲ್ಲಿ ಇಬ್ಬರ ಹೆಸರನ್ನೂ ಗೀಚಿದ್ದ.

ನಶ್ವಾ ಆ ಮೂಲೆಗೆ ಹೋಗಿ ಕೈಯಾಡಿಸಿದಳು. ಪಟ್ಟಿ ಇರಲಿಲ್ಲ.

"ನಮ್ಮ ಹೆಸರೆಲ್ಲಿ?"

ಹುಬ್ಬು ಇಳಿಯಿತು. "ಒಡೀತು. ಕೆರೆಸಿ ತೆಗೆಸಿ ಬಣ್ಣ ಹೊಡಿಸ್ದೆ. ಈಗ ಕೊಳ್ಳೋರು ಬರ್ತಾರೆ ನಶ್ವಾ. ಇದನ್ನ ಮಾರಿ ಒಳನಾಡಲ್ಲಿ, ಗಟ್ಟಿ ನೆಲದ ಮೇಲೆ ಒಂದು ರೂಮಾದ್ರೂ ತಗೊಳ್ಳೋಣ. ನೀನು ಸುಮ್ಮನಿದ್ರೆ ಸಾಕು."

ಬಣ್ಣ ತನಗಾಗಿ ಅಲ್ಲ ಎಂದು ತಿಳಿದಾಗ ನಶ್ವಾಗೆ ಮೊದಲು ಬಂದದ್ದು ನಾಚಿಕೆ.

ಬಂದವರೂ ಮದುವೆಗೆ ಕಾದಿದ್ದವರೇ: ಲುತ್ಫಿ ಮತ್ತು ಅವನ ಹುಡುಗಿ ಮಾಹಿತಾಬ್. ಅವಳು ಗೋಡೆ ಸವರಿ, "ಎಷ್ಟು ಚೆಂದದ ಬಣ್ಣ! ಯಾಕಕ್ಕಾ ಬಿಟ್ಟು ಹೋಗ್ತಿದ್ದೀರಿ?" ಎಂದಳು.

ಬಾಸಿಮ್‌ನ ಕಣ್ಣು ಬೇಡುತ್ತಿತ್ತು. ನಶ್ವಾ ಅತ್ತ ನೋಡಲಿಲ್ಲ.

"ಆ ಮೂಲೇಲಿ ಬಿರುಕಿದೆ ತಂಗಿ. ಜಿಪ್ಸಮ್ ಪಟ್ಟಿ ಒಡೆದಿದೆ. ಕಟ್ಟಡ ಕದಲ್ತಿದೆ."

ಲುತ್ಫಿ ಕೆಮ್ಮಿದ. "ನಂಗೊತ್ತಕ್ಕಾ. ಕೆಳಗಿನ ಕಂಬ ನೋಡ್ಕೊಂಡೇ ಮೇಲೆ ಬಂದೆ. ಗಟ್ಟಿ ನೆಲದ ಮನೆ ನಮ್ಮಂಥೋರಿಗೆ ಎಲ್ಲಿ ಎಟುಕುತ್ತೆ? ರೇಟು ಇಳೀತಿರೋದು ಕಡಲ ರಸ್ತೇಲಿ ಮಾತ್ರ. ಬಿರುಕಿಗೆ ಎಷ್ಟು ಬಿಡ್ತೀರಿ, ಅದನ್ನ ಹೇಳಿ."

ಗೊತ್ತಿಲ್ಲದಿದ್ದದ್ದು ಮಾಹಿತಾಬ್‌ಗೆ ಮಾತ್ರ. ಅವಳು ಲುತ್ಫಿಯನ್ನು ನೋಡಿದ ನೋಟ, ಪಟ್ಟಿ ಒಡೆದದ್ದು ತಿಳಿದಾಗ ನಶ್ವಾ ಬಾಸಿಮ್‌ನನ್ನು ನೋಡಿದ್ದ ನೋಟವೇ. ಬಲಗೈ ಉಂಗುರವನ್ನು ತಿರುಗಿಸುತ್ತ, ತಿರುಗಿಸುತ್ತ, ಕೊನೆಗೆ ಆ ಹುಡುಗಿ ಸಣ್ಣ ದನಿಯಲ್ಲಿ ಕೇಳಿದಳು: "ಅಡುಗೆಮನೆಗೆ ಬಿಸಿಲು ಬರುತ್ತಾ?"

ಅವರಿಬ್ಬರು ಅಡುಗೆಮನೆಗೆ ಹೋದದ್ದೇ ಬಾಸಿಮ್ ಹತ್ತಿರ ಬಂದು ಪಿಸುಗುಟ್ಟಿದ.

"ಅವರೇ ಒಪ್ಪಿದ್ರಲ್ಲ! ಮೂತಿ ಸರಿ ಮಾಡ್ಕೋ."

"ಗಟ್ಟಿ ನೆಲದ ಮನೆ ಗೋಡೆಗೂ ಬಣ್ಣ ಇರುತ್ತೆ ಬಾಸಿಮ್. ಅದರ ಹಿಂದೆ ಏನಿದೆ ಅಂತ ಕೇಳಿದ್ರೆ ನೀನು ಹುಬ್ಬು ಏರಿಸ್ತೀಯ, ನಾನು ನಂಬ್ತೀನಿ. ನನಗೆ ಭಯ ಅದೇ."

"ನಿನಗೋಸ್ಕರ ಮಾಡಿದ್ದು ಕಣೇ!"

"ಗೊತ್ತು."

ನಿಜಕ್ಕೂ ಗೊತ್ತಿತ್ತು, ಅದಕ್ಕೇ ಅಳು ಬಂತು. ಹಾಳು ಪ್ರೀತಿ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಉಂಗುರ ಬಿಗಿಯಾಗಿತ್ತು. ಚರ್ಮ ಕೆಂಪಾಗುವಂತೆ ಎಳೆದು ತೆಗೆದು ಅವನ ಅಂಗೈಯಲ್ಲಿಟ್ಟಳು.

ನೆಲದ ಮೇಲಿದ್ದ ಗಂಟನ್ನು ಎತ್ತಿಕೊಂಡು ಹೋಗಿ ಮಾಹಿತಾಬ್‌ಗೆ ಕೊಟ್ಟಳು.

"ಪರದೆ ತಂಗಿ. ಈ ಮನೆ ಕಿಟಕಿ ಅಳತೆಗೇ ಹೊಲಿದಿದ್ದು."

ಹುಡುಗಿ ಬೇಡ ಎನ್ನಲಿಲ್ಲ.